ಮುತ್ಯಾನ ಮನೆಯ ಹಳೆ ಸಾಮಾನು ಆನ್‌ಲೈನ್‌ನಲ್ಲಿ ಮಾರಬೇಕು, ಎಲ್ಲಿಂದ ಶುರು ಮಾಡಲಿ?

ಆಳಂದದ ಮೊಮ್ಮಗಳು

ಎಲ್ಲರಿಗೂ ನಮಸ್ಕಾರ. ನಾನು ಕಲಬುರಗಿಯಲ್ಲಿ ಹೈಸ್ಕೂಲ್ ಟೀಚರ್. ಅವ್ವನ ತವರು ಆಳಂದ ತಾಲ್ಲೂಕಿನ ಒಂದು ಸಣ್ಣ ಹಳ್ಳಿ. ಮುತ್ಯಾ, ಅಂದರೆ ಅವ್ವನ ಅಪ್ಪ, ಹೋಗಿ ಹನ್ನೊಂದು ವರ್ಷವಾಯಿತು, ಆಯಿ, ಅಂದರೆ ಅಜ್ಜಿ, ಹೋದ ವರ್ಷ ತೀರಿಕೊಂಡರು. ಈಗ ಆ ಮನೆಯಲ್ಲಿ ಯಾರೂ ಇಲ್ಲ. ಮಾಳಿಗೆ ಸೋರುತ್ತಿದೆ, ಜಂತಿಗೆ ಗೆದ್ದಲು ಹತ್ತಿದೆ. ಮನೆ ಕೆಡವಿ ಜಾಗ ಮಾರೋಣ ಅಂತ ಇಬ್ಬರು ಮಾಮಾ ಮಾತಾಡಿಕೊಂಡಿದ್ದಾರೆ.

ಒಳಗಿನ ಸಾಮಾನಿನ ಜವಾಬ್ದಾರಿ ನಾನೇ ಕೇಳಿ ತಗೊಂಡೆ. ಕಾರಣ ಇಷ್ಟೇ. ಹೋದ ಭಾನುವಾರ ಗುಜರಿಯವನು ಬಂದಿದ್ದ. ಎಲ್ಲವನ್ನೂ ಅಂಗಳದಲ್ಲಿ ರಾಶಿ ಹಾಕಿ ಕಿಲೋ ಲೆಕ್ಕದಲ್ಲಿ ರೇಟು ಹೇಳಿದ. ಆಯಿ ದಿನಾ ಸಂಜೆ ಸೆರಗಿನಿಂದ ಒರೆಸಿ ಇಡುತ್ತಿದ್ದ ಪಾನದಾನವನ್ನು, ಅಂದರೆ ಎಲೆ ಅಡಿಕೆ ಪೆಟ್ಟಿಗೆಯನ್ನು, ಮುರಿದ ಬಕೆಟ್ಟಿನ ಜೊತೆ ತಕ್ಕಡಿಗೆ ಹಾಕಿದ. ನನಗೆ ತಡೆಯಲಾಗಲಿಲ್ಲ. ಕಳಿಸಿಬಿಟ್ಟೆ.

ಏನೇನು ಇದೆ ಅಂತ ಹೇಳುತ್ತೇನೆ. ಕಪ್ಪು ಬಣ್ಣದ, ಬೆಳ್ಳಿ ಹೂಬಳ್ಳಿ ಇರುವ ಆ ಪಾನದಾನ. ಬೀದರಿನ ಬಿದರಿ ಕೆಲಸದ್ದು ಇರಬಹುದು ಅಂತ ನನ್ನ ಅಂದಾಜು. ಒಳಗೆ ಸಣ್ಣ ಸಣ್ಣ ಡಬ್ಬಿಗಳಿವೆ. ಮರದ ಪೆಟ್ಟಿಗೆಯ ಮರ್ಫಿ ರೇಡಿಯೋ, ಅದರ ಲೈಸೆನ್ಸ್ ಪುಸ್ತಕವೂ ಇದೆ. ಮುತ್ಯಾನ ಎಚ್‌ಎಂಟಿ ಜನತಾ ವಾಚು. ಇಬ್ಬರು ಹಿಡಿದು ಎತ್ತಬೇಕಾದ ತಾಮ್ರದ ಹಂಡೆ. ಹಿತ್ತಾಳೆಯ ಸೇರು, ಪಾವು. ಅಡಕೊತ್ತು ಎರಡು. ಉಪ್ಪಿನಕಾಯಿ ಭರಣಿ ನಾಲ್ಕು, ಒಂದರ ಅಂಚು ಒಡೆದಿದೆ. ಒಂದು ಕಟ್ಟು ಗ್ರಾಮಾಫೋನ್ ಪ್ಲೇಟು, ಯಂತ್ರ ಮಾತ್ರ ಇಲ್ಲ. ಬಟ್ಟೆ ಚೀಲದಲ್ಲಿ ನಿಜಾಮರ ಕಾಲದ ನಾಣ್ಯ ಮೂವತ್ತರ ಹತ್ತಿರ. ಉರ್ದುವಿನಲ್ಲಿ ಬರೆದ ಕಾಗದಪತ್ರ ಒಂದು ಗಂಟು. ಪಡಸಾಲೆ ಗೋಡೆ ಮೇಲೆ ಜಿಂಕೆ ಕೊಂಬು.

ತಾಮ್ರದ ತಂಬಿಗೆಯ ಒಂದು ಫೋಟೋ ಸುಮ್ನೆ ಫೇಸ್‌ಬುಕ್‌ಗೆ ಹಾಕಿ ನೋಡಿದೆ. ಅರ್ಧ ಗಂಟೆಯಲ್ಲಿ ಒಬ್ಬ ಫೋನ್ ಮಾಡಿ "ಅದು ಅಕ್ಕಿ ಎಳೆಯುತ್ತದಾ ಮೇಡಂ?" ಅಂತ ಕೇಳಿದ. ಏನೂ ಅರ್ಥವಾಗಲಿಲ್ಲ.

ಈಗ ಕೇಳಬೇಕಾದದ್ದು: ಇದರಲ್ಲಿ ಮಾರುವಂಥದ್ದು ಯಾವುದು, ಮಾರಬಾರದ್ದು ಯಾವುದು? ಬೆಲೆ ಹೇಗೆ ಕಟ್ಟಬೇಕು? ದೊಡ್ಡ ಮಾಮಾ ಈ ವಾರ ಹುಣಸೆಹಣ್ಣು, ಬೂದಿ ಹಚ್ಚಿ ಎಲ್ಲವನ್ನೂ ಫಳಫಳ ಮಾಡಿಸುತ್ತೇನೆ, ಆಮೇಲೆ ಫೋಟೋ ತೆಗಿ ಅನ್ನುತ್ತಿದ್ದಾರೆ. ಸರಿನಾ?

ಬೀದರ್ ಚೌಬಾರಾ

ಅಕ್ಕಾ, ಮೊದಲು ಮಾಮಾಗೆ ಫೋನ್ ಮಾಡಿ ಹುಣಸೆಹಣ್ಣು ನಿಲ್ಲಿಸಿ. ಉಳಿದದ್ದು ಆಮೇಲೆ ಓದಿದರೂ ನಡೆಯುತ್ತದೆ.

ಮಾಡಿದ್ರಾ? ಸರಿ, ಈಗ ಹೇಳುತ್ತೇನೆ. ನಾನು ಬೀದರಿನವನು. ಹಗಲು ಮೆಡಿಕಲ್ ಅಂಗಡಿ, ರಾತ್ರಿ ಈ ಕೆಲಸ. ಆರು ವರ್ಷದಿಂದ ಹಳೆ ಮನೆ ಸಾಮಾನು ಆನ್‌ಲೈನ್‌ನಲ್ಲಿ ಮಾರುತ್ತಿದ್ದೇನೆ. ಮೊದಲ ವರ್ಷ ಭಾಲ್ಕಿ ಕಡೆಯ ಒಂದು ಮನೆಯಿಂದ ಬಿದರಿ ಸುರಾಹಿ, ಅಂದರೆ ಹೂಜಿ, ತಂದೆ. ಮೇಲೆಲ್ಲ ಮಂಕು ಹಿಡಿದಿತ್ತು. ಒಂದು ರಾತ್ರಿ ಹುಣಸೆ ನೀರಲ್ಲಿ ನೆನೆಸಿಟ್ಟೆ, ಬೆಳಿಗ್ಗೆ ತೆಂಗಿನ ನಾರಿನಿಂದ ತಿಕ್ಕಿದೆ. ಕಪ್ಪು ಹೋಗಿ ಹಳೇ ತಗಡಿನಂಥ ಬೂದಿ ಬಣ್ಣ ಬಂತು. ಬೆಳ್ಳಿ ಬಳ್ಳಿ ಯಾವುದು, ನೆಲ ಯಾವುದು ಗೊತ್ತಾಗದಂತೆ ಆಯಿತು. ಕೈಯಲ್ಲಿ ಹಿಡಿದುಕೊಂಡು ಬಹಳ ಹೊತ್ತು ಕೂತಿದ್ದೆ. ಯಾರೋ ಎಷ್ಟೋ ದಿನ ಕೂತು ಕೆತ್ತಿದ್ದನ್ನು ನಾನು ಒಂದು ರಾತ್ರಿಯಲ್ಲಿ ಕೆಡಿಸಿದೆ.

ಚೌಬಾರಾ ಹತ್ತಿರ ಸಿದ್ದಿಕ್ ತಾಲೀಮ್ ಕಡೆ ಬಿದರಿ ಕೆಲಸ ಮಾಡುವ ಒಬ್ಬ ಹಿರಿಯರಿಗೆ ತೋರಿಸಿದೆ. ಅವರು ಬೈಯಲಿಲ್ಲ, ಕೂಡಿಸಿ ತಿಳಿಸಿ ಹೇಳಿದರು. ಬಿದರಿಯ ಮೈ ಸತುವಿನದು, ಅದಕ್ಕೆ ಸ್ವಲ್ಪ ತಾಮ್ರ. ಸುಮಾರು ಹದಿನಾರು ಪಾಲಿಗೆ ಒಂದು ಪಾಲು. ಅಚ್ಚಿನಲ್ಲಿ ಎರಕ ಹೊಯ್ದು, ಅರ ಹಾಕಿ ನಯ ಮಾಡಿ, ಮೈಲುತುತ್ತ ಹಚ್ಚಿ ತಾತ್ಕಾಲಿಕವಾಗಿ ಕಪ್ಪು ಮಾಡಿಕೊಳ್ಳುತ್ತಾರೆ. ಗೀಟು ಕಾಣಬೇಕಲ್ಲ, ಅದಕ್ಕೆ. ಉಳಿಯಿಂದ ಕೆತ್ತಿ, ಆ ಗೀಟಿನೊಳಗೆ ಬೆಳ್ಳಿ ತಂತಿ ಅಥವಾ ತಗಡು ಕೂರಿಸಿ ಬಡಿಯುತ್ತಾರೆ. ಕೊನೆಗೆ ನಮ್ಮ ಕೋಟೆಯ ಹಳೆ ಮಣ್ಣು, ನವಸಾಗರ ನೀರಿಗೆ ಹಾಕಿ ಕಾಯಿಸಿ ಹಚ್ಚುತ್ತಾರೆ. ಬಿಸಿಲು ಮಳೆ ತಾಗದ ಜಾಗದ ಮಣ್ಣೇ ಆಗಬೇಕು, ನಾಲಿಗೆ ಮೇಲಿಟ್ಟು ಪರೀಕ್ಷೆ ಮಾಡುತ್ತಾರೆ. ಆಗ ಸತು ಅಚ್ಚ ಕಪ್ಪಾಗುತ್ತದೆ, ಬೆಳ್ಳಿ ಹಾಗೇ ಉಳಿಯುತ್ತದೆ. ಆ ಕಪ್ಪು ಮೇಲಿನ ತೆಳು ಪದರ ಅಷ್ಟೇ. ಹುಳಿ ತಾಗಿದರೆ ಸತು ಕರಗುತ್ತದೆ, ಕಪ್ಪು ಹೋಗುತ್ತದೆ. ಅವರೇ ನನ್ನ ಸುರಾಹಿಗೆ ಮತ್ತೆ ಮಣ್ಣು ಹಚ್ಚಿ ಕಪ್ಪು ಮಾಡಿಕೊಟ್ಟರು. ಕಪ್ಪು ಬಂತು. ಆದರೆ ನಾರು ತಿಕ್ಕಿದ ಗೀರು ಬೆಳ್ಳಿ ಮೇಲೆ ಇವತ್ತಿಗೂ ಇವೆ. ಅದನ್ನು ನಾನು ಮಾರಲಿಲ್ಲ.

ಹಾಗಾಗಿ ನಿಮ್ಮ ಪಾನದಾನಕ್ಕೆ ಒಣ ಮೆತ್ತನೆಯ ಹತ್ತಿ ಬಟ್ಟೆ ಸಾಕು. ಹಳೆ ಧೋತರದ ಚೂರು ಬಹಳ ಒಳ್ಳೆಯದು. ಬೇಕಾದರೆ ಒಂದೆರಡು ಹನಿ ಕೊಬ್ಬರಿ ಎಣ್ಣೆ ಬಟ್ಟೆಗೆ ಹಾಕಿ ಸವರಿ. ಕಪ್ಪು ಎದ್ದು ಕಾಣುತ್ತದೆ.

ಅದು ನಿಜವಾದ ಬಿದರಿಯಾ ಅಂತ ನೋಡಲು ಕೈಯಲ್ಲಿ ಹಿಡಿಯಿರಿ. ಗಾತ್ರಕ್ಕಿಂತ ಭಾರ ಅನಿಸಬೇಕು. ಈಗ ಅಲ್ಯೂಮಿನಿಯಂಗೆ ಕಪ್ಪು ಬಣ್ಣ ಹೊಡೆದು ಮಾರುತ್ತಾರೆ, ಅದು ಹಗುರ. ಕಣ್ಣು ಮುಚ್ಚಿ ಹೂವಿನ ಅಂಚಿಗೆ ಉಗುರು ಆಡಿಸಿ. ತಂತಿ ಕೆಲಸದಲ್ಲಿ ಬೆಳ್ಳಿ ಮತ್ತು ನೆಲ ಒಂದೇ ಸಮ ಇರುತ್ತವೆ, ಉಗುರಿಗೆ ಮೆಟ್ಟಿಲು ಸಿಗುವುದಿಲ್ಲ. ಎಲ್ಲಾದರೂ ಬೆಳ್ಳಿ ಉದುರಿದ್ದರೆ ಆ ಜಾಗ ಬೆಳಕಿಗೆ ಹಿಡಿದು ನೋಡಿ. ಖಾಲಿ ಕಾಲುವೆಯಂತೆ ಉಳಿಯ ಗೀಟು ಕಾಣುತ್ತದೆ. ಬೆಳ್ಳಿ ಉದುರಿದ್ದು ಕುಂದು ಅಂತ ಮುಚ್ಚಿಡಬೇಡಿ. ಕೈಯಿಂದ ಕೂರಿಸಿದ್ದು ಅನ್ನುವುದಕ್ಕೆ ಅದೇ ಸಾಕ್ಷಿ. ನಾನಾದರೆ ಮೊದಲ ಫೋಟೋ ಅಲ್ಲಿಂದಲೇ ತೆಗೆಯುತ್ತೇನೆ.

ಮಾರಬಾರದ್ದು ಹೇಳಿಬಿಡುತ್ತೇನೆ. ಜಿಂಕೆ ಕೊಂಬಿನ ಫೋಟೋ ಎಲ್ಲೂ ಹಾಕಬೇಡಿ. 1972ರ ವನ್ಯಜೀವಿ ಕಾಯ್ದೆಯಲ್ಲಿ ಅದರ ವ್ಯಾಪಾರ ಅಪರಾಧ, ಮುತ್ಯಾನ ಕಾಲದ್ದು ಅಂದರೂ ಬಿಡುವುದಿಲ್ಲ. ಮನೆಯಲ್ಲಿ ಇಟ್ಟುಕೊಳ್ಳಲೂ ಕಾಗದ ಬೇಕು. ಮನೆ ಕೆಡವುವ ಮೊದಲು ಅರಣ್ಯ ಇಲಾಖೆಗೆ ನೀವಾಗಿಯೇ ಹೋಗಿ ತಿಳಿಸಿ.

ಅದೇ 1972ರಲ್ಲಿ ಪುರಾತನ ವಸ್ತುಗಳ ಕಾಯ್ದೆಯೂ ಬಂದಿದೆ. ನೂರು ವರ್ಷ ತುಂಬಿದ ಕಲಾವಸ್ತು, ನಾಣ್ಯ ಅದರೊಳಗೆ ಬರುತ್ತವೆ. ಚರಿತ್ರೆಯ ಬೆಲೆಯುಳ್ಳ ಹಸ್ತಪ್ರತಿ, ದಾಖಲೆಗೆ 75 ವರ್ಷ ಸಾಕು. ಅಂಥದ್ದನ್ನು ವ್ಯಾಪಾರವಾಗಿ ಮಾರಲು ಲೈಸೆನ್ಸ್ ಬೇಕು. ಹೊರದೇಶಕ್ಕೆ ಖಾಸಗಿಯವರು ಕಳಿಸುವಂತೆಯೇ ಇಲ್ಲ. ಲಂಡನ್ನಿಂದಲೋ ದುಬೈನಿಂದಲೋ ಒಳ್ಳೆ ಬೆಲೆ ಹೇಳಿ ಮೆಸೇಜು ಬರುತ್ತದೆ, ಆಸೆ ಪಡಬೇಡಿ. ನಿಮ್ಮ ಪಾನದಾನ ಮನೆಗೆ ಯಾವಾಗ ಬಂತು ಅಂತ ಅವ್ವನನ್ನು ಕೇಳಿ. ಅದು ತಿಳಿದ ಮೇಲೆ ಮುಂದಿನ ಮಾತು.

ಉರ್ದು ಕಾಗದದ ಗಂಟನ್ನು ಮುಟ್ಟಬೇಡಿ. ಹೈದರಾಬಾದ್ ಸಂಸ್ಥಾನದ ಕಾಲದಲ್ಲಿ ಜಮೀನಿನ ದಫ್ತರ ಎಲ್ಲ ಉರ್ದುವಿನಲ್ಲೇ ನಡೆಯುತ್ತಿತ್ತು. ಮೊದಲು ಉರ್ದು ಬಲ್ಲವರಿಂದ ಒಂದೊಂದೇ ಓದಿಸಿ. ನಿಮ್ಮದೇ ಹೊಲದ ಪತ್ರ ಇರಬಹುದು.

ನಾಣ್ಯದ ಮೇಲೆ ಚಾರ್‌ಮಿನಾರ್ ಇದೆಯಾ? ನಡುವಿನ ಬಾಗಿಲಲ್ಲಿ ಒಂದು ಅಕ್ಷರ ಕಾಣುತ್ತದಾ ನೋಡಿ. ಐನ್ ಅನ್ನುವ ಉರ್ದು ಅಕ್ಷರ ಇದ್ದರೆ ಅದು ಕೊನೆಯ ನಿಜಾಮ ಮೀರ್ ಉಸ್ಮಾನ್ ಅಲಿ ಖಾನರ ಕಾಲದ್ದು. ನಮ್ಮ ಹಿರಿಯರು "ಹಾಲಿ" ಅನ್ನುತ್ತಿದ್ದದ್ದು ಈ ರೂಪಾಯಿಗೇ. ಬ್ರಿಟಿಷರ ರೂಪಾಯಿಗೆ "ಕಲದಾರ" ಅನ್ನುತ್ತಿದ್ದರು. ಏಳು ಹಾಲಿಗೆ ಸುಮಾರು ಆರು ಕಲದಾರ ಲೆಕ್ಕ. 1948ರಲ್ಲಿ ಸಂಸ್ಥಾನ ಹೋದ ಮೇಲೂ ಹಾಲಿ ಕೆಲವು ವರ್ಷ ಓಡಾಡಿತು, ಅದಕ್ಕೇ ನಮ್ಮ ಕಡೆ ಮನೆಮನೆಯಲ್ಲಿ ಒಂದೊಂದು ಸಿಗುತ್ತದೆ. ನಾಣ್ಯವನ್ನಂತೂ ನಿಂಬೆಹಣ್ಣಿಂದ ಬೆಳಗಲೇಬೇಡಿ. ಸಂಗ್ರಹ ಮಾಡುವವರು ಬೆಳಗಿದ ನಾಣ್ಯ ಕಂಡರೆ ಮುಖ ತಿರುಗಿಸುತ್ತಾರೆ. ಹೊಳೆಯುವ ನಾಣ್ಯಕ್ಕೆ ಬರೀ ಬೆಳ್ಳಿಯ ಬೆಲೆ ಬರುತ್ತದೆ.

ಇನ್ನೊಂದು. ಗೋಡೆ ಕೆಡವುವಾಗ ಒಳಗಿಂದ ಗಡಿಗೆಯೋ ಗಂಟೋ ಸಿಕ್ಕರೆ ಅದು ಈ ಚೀಲದ ನಾಣ್ಯದಂತಲ್ಲ. ಹೂತಿಟ್ಟದ್ದು ಸಿಕ್ಕರೆ ಸರ್ಕಾರಕ್ಕೆ ತಿಳಿಸಲೇಬೇಕು. ಕೂಲಿಯವರಿಗೂ ಮೊದಲೇ ಹೇಳಿಡಿ.

ಬೆಲೆಯ ವಿಷಯ. ಜನ ಹಾಕಿರುವ ಬೆಲೆ ನೋಡಬೇಡಿ, ಮಾರಾಟವಾದ ಬೆಲೆ ನೋಡಿ. ಅಡಕೊತ್ತಿಗೆ ಐದು ಸಾವಿರ ಅಂತ ಹಾಕಿದವನ ಅಡಕೊತ್ತು ಮೂರು ವರ್ಷದಿಂದ ಅಲ್ಲೇ ಇದೆ. ನನ್ನದು 650 ರೂಪಾಯಿಗೆ ಎರಡು ತಿಂಗಳಿಗೆ ಹೋಯಿತು. ಫೋಟೋ ಬೆಳಗಿನ ಬೆಳಕಲ್ಲಿ, ಕಿಟಕಿ ಪಕ್ಕ, ನಿಮ್ಮ ಶಹಾಬಾದ್ ಪರಸಿ ನೆಲದ ಮೇಲೆ ಇಟ್ಟು ತೆಗೆಯಿರಿ. ಕಲ್ಲಿನ ಬೂದು ಬಣ್ಣಕ್ಕೆ ಹಿತ್ತಾಳೆ, ತಾಮ್ರ ಚೆನ್ನಾಗಿ ಕಾಣುತ್ತವೆ. ಪಕ್ಕದಲ್ಲಿ ಸ್ಕೇಲ್ ಇಡಿ. ತೂಕ, ಎತ್ತರ, ಒಡೆದದ್ದು, ಬೆಸುಗೆ ಹಾಕಿದ್ದು ಎಲ್ಲ ಬರೆಯಿರಿ. ಆಮೇಲೆ ಎರಡು ಸಾಲು, ಯಾವ ಸೀಮೆಯ ಮನೆ, ಯಾರು ಬಳಸುತ್ತಿದ್ದರು ಅಂತ. ಹೆಸರು ಬೇಡ. "ಆಯಿ ದಿನಾ ಸಂಜೆ ಸೆರಗಿನಿಂದ ಒರೆಸುತ್ತಿದ್ದರು" ಅಂತ ನೀವು ಮೇಲೆ ಬರೆದಿದ್ದೀರಲ್ಲ, ಅದು. ಕೊಳ್ಳುವವರು ಹುಡುಕುವುದು ಅದನ್ನೇ.

ಹುಮನಾಬಾದ್ ಹುಡುಗ

ಅಕ್ಕಾ, ಅಕ್ಕಿ ಕೇಳಿದವನ ನಂಬರ್ ಬ್ಲಾಕ್ ಮಾಡಿ. ಅದಕ್ಕೆ ರೈಸ್ ಪುಲ್ಲರ್ ಅನ್ನುತ್ತಾರೆ. ಹಳೆ ತಾಮ್ರದ ಪಾತ್ರೆಗೆ ಸಿಡಿಲು ಬಡಿದು ಶಕ್ತಿ ಬಂದಿದೆ, ಅಕ್ಕಿ ಕಾಳು ತಾನಾಗಿ ಎಳೆದುಕೊಳ್ಳುತ್ತದೆ, ವಿದೇಶದ ಕಂಪನಿ ಕೋಟಿಗಟ್ಟಲೆ ಕೊಡುತ್ತದೆ ಅಂತ ಕಥೆ ಕಟ್ಟುತ್ತಾರೆ. ಆಮೇಲೆ "ಟೆಸ್ಟಿಂಗ್‌ಗೆ ವಿಜ್ಞಾನಿ ಬರಬೇಕು, ಖರ್ಚು ನೀವು ಹಾಕಿ" ಅಂತಾರೆ. ನಮ್ಮ ಓಣಿಯ ಒಬ್ಬರು ಹೀಗೆ ಎರಡು ಲಕ್ಷ ಕಳೆದುಕೊಂಡರು. ಮಗಳ ಮದುವೆಗೆ ಇಟ್ಟಿದ್ದ ದುಡ್ಡು. ನಾಚಿಕೆಗೆ ಪೊಲೀಸರ ಹತ್ತಿರವೂ ಹೋಗಲಿಲ್ಲ.

ಹಳೆ ನಾಣ್ಯಕ್ಕೆ ಲಕ್ಷ ಕೊಡುತ್ತೇವೆ, ಮೊದಲು ಕಮಿಷನ್ ಕಟ್ಟಿ ಅನ್ನುವವರೂ ಇದೇ ಜಾತಿ. 2021ರಲ್ಲಿ ರಿಸರ್ವ್ ಬ್ಯಾಂಕೇ ಎಚ್ಚರಿಕೆ ಕೊಟ್ಟಿತ್ತು, ಇಂಥ ವ್ಯವಹಾರಕ್ಕೆ ತಾನು ಕಮಿಷನ್ ತಗೊಳ್ಳುವುದೂ ಇಲ್ಲ, ಯಾರಿಗೂ ಅಧಿಕಾರ ಕೊಟ್ಟೂ ಇಲ್ಲ ಅಂತ.

ಮತ್ತೆ ಕ್ಯೂಆರ್ ಕೋಡ್. "ನಾನು ಮಿಲಿಟರಿಯಲ್ಲಿದ್ದೇನೆ, ಇದನ್ನು ಸ್ಕ್ಯಾನ್ ಮಾಡಿ ಪಿನ್ ಹಾಕಿ, ದುಡ್ಡು ಬರುತ್ತೆ" ಅಂದರೆ ಕಟ್ ಮಾಡಿ. ದುಡ್ಡು ಬರಲು ಪಿನ್ ಬೇಕಾಗುವುದಿಲ್ಲ, ಹೋಗಲು ಮಾತ್ರ ಬೇಕು. ಎಡವಟ್ಟಾದರೆ ತಡ ಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

ಶಹಾಬಾದ್ ರೇಡಿಯೋ ಕಾಕಾ

ತಾಯಿ, ನಿನ್ನ ರೇಡಿಯೋ ಬಗ್ಗೆ ಯಾರೂ ಬರೆದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ನಲವತ್ತು ವರ್ಷ ರೇಡಿಯೋ ರಿಪೇರಿ ಮಾಡಿದ್ದೇನೆ. ಈಗ ಅಂಗಡಿ ಇಲ್ಲ, ಮನೆಯಲ್ಲೇ ಒಂದು ಮೇಜು ಇದೆ.

ದಯವಿಟ್ಟು ಪ್ಲಗ್ಗಿಗೆ ಹಾಕಿ ನೋಡಬೇಡ. ಎಲ್ಲರೂ ಮಾಡುವ ತಪ್ಪು ಇದೇ. "ನಡೆಯುತ್ತದಾ ನೋಡೋಣ" ಅಂತ ಹಾಕುತ್ತಾರೆ, ಒಂದು ನಿಮಿಷಕ್ಕೆ ಸುಟ್ಟ ವಾಸನೆ ಬರುತ್ತದೆ. ಮರದ ಪೆಟ್ಟಿಗೆ ಅಂದರೆ ವಾಲ್ವ್ ಸೆಟ್ ಇರಬೇಕು. ಅದರೊಳಗಿನ ಕಂಡೆನ್ಸರ್ ಇಷ್ಟು ವರ್ಷದಲ್ಲಿ ಒಣಗಿರುತ್ತವೆ. ನೇರ ಕರೆಂಟು ಕೊಟ್ಟರೆ ಶಾರ್ಟ್ ಆಗಿ ಟ್ರಾನ್ಸ್‌ಫಾರ್ಮರ್ ಸುಡುತ್ತದೆ. ಕಂಡೆನ್ಸರ್ ಐವತ್ತು ನೂರು ರೂಪಾಯಿಗೆ ಸಿಗುತ್ತದೆ. ಆ ಟ್ರಾನ್ಸ್‌ಫಾರ್ಮರ್ ಎಲ್ಲಿಂದ ತರುವುದು? ನಾವು ಮೊದಲು ಕಂಡೆನ್ಸರ್ ಬದಲಿಸಿ, ಆಮೇಲೆ ಒಂದು ಬಲ್ಬನ್ನು ಸೀರೀಸಿನಲ್ಲಿ ಹಾಕಿ ಕರೆಂಟು ಕೊಡುತ್ತೇವೆ. ಒಳಗೆ ಶಾರ್ಟ್ ಇದ್ದರೆ ಬಲ್ಬ್ ಜೋರಾಗಿ ಉರಿಯುತ್ತದೆ, ಸೆಟ್ ಉಳಿಯುತ್ತದೆ. ಸರಿ ಇದ್ದರೆ ಬಲ್ಬ್ ಒಮ್ಮೆ ಬೆಳಗಿ ಮಂಕಾಗುತ್ತದೆ. ಸ್ವಲ್ಪ ಹೊತ್ತಿಗೆ ವಾಲ್ವ್ ಒಳಗೆ ಕೆಂಪು ಕಿಡಿ ಹತ್ತುತ್ತದೆ, ಸ್ಪೀಕರಿನಿಂದ ಸಣ್ಣ ಗುಂಯ್ ಸದ್ದು ಬರುತ್ತದೆ. ಎಷ್ಟು ಸಲ ಕೇಳಿದರೂ ಆ ಸದ್ದಿಗೆ ನನ್ನ ಮೈ ಜುಮ್ಮೆನ್ನುತ್ತದೆ.

ಲೈಸೆನ್ಸ್ ಪುಸ್ತಕವನ್ನು ರೇಡಿಯೋದಿಂದ ಬೇರೆ ಮಾಡಿ ಮಾರಬೇಡ. 1980ರ ದಶಕದವರೆಗೆ ರೇಡಿಯೋ ಇಟ್ಟುಕೊಳ್ಳಲು ಲೈಸೆನ್ಸ್ ಬೇಕಿತ್ತು, ವರ್ಷಕ್ಕೊಮ್ಮೆ ಪೋಸ್ಟ್ ಆಫೀಸಿಗೆ ಹೋಗಿ ಹಣ ಕಟ್ಟಬೇಕಿತ್ತು. ಪೋಸ್ಟಿನ ಮುದ್ರೆ, ತಾರೀಖು ಎಲ್ಲ ಅದರಲ್ಲಿ ಇರುತ್ತದೆ. ಈ ಸೆಟ್ ಯಾವ ವರ್ಷ ಯಾವ ಊರಲ್ಲಿತ್ತು ಅಂತ ಹೇಳುವ ಕಾಗದ ಅದೊಂದೇ. ಫೋಟೋ ಹಾಕುವಾಗ ಮುತ್ಯಾನ ಹೆಸರು, ವಿಳಾಸ ಕಾಣದಂತೆ ಮುಚ್ಚು.

ಹಿಂದಿನ ಮುಚ್ಚಳದ ತೂತಿನಿಂದ ಟಾರ್ಚ್ ಬಿಟ್ಟು ನೋಡು, ಇಲಿ ಗೂಡು ಇದೆಯಾ ಅಂತ. ಮುಂದಿನ ಡಯಲ್ ಗಾಜು ಸೀಳಿದೆಯಾ ನೋಡು. ಊರುಗಳ ಹೆಸರು ಬರೆದಿರುವ ಆ ಗಾಜಿನ ಮೇಲೆ ನೀರು ಬಟ್ಟೆ ಆಡಿಸಬೇಡ, ಅಕ್ಷರ ಅಳಿಸಿ ಹೋಗುತ್ತವೆ. ಗಾಜು, ನಾಲ್ಕೂ ಗುಬುಟು ಇದ್ದರೆ ಸೆಟ್ ನಡೆಯದಿದ್ದರೂ ಕೊಳ್ಳುವವರಿದ್ದಾರೆ. ಕಲಬುರಗಿಯಿಂದ ನಮ್ಮ ಊರು ದೂರವೇನಲ್ಲ. ತಗೊಂಡು ಬಾ, ನೋಡಿಕೊಡುತ್ತೇನೆ. ದುಡ್ಡಿನ ಮಾತು ಬೇಡ.

ಸುರಪುರದ ಸೊಸೆ

ತಂಗಿ, ನಾನು ಯಾದಗಿರಿ ಜಿಲ್ಲೆಯವಳು. ಮನೆಯಿಂದಲೇ ಕೌದಿ ಮತ್ತು ಹಳೆ ಅಡುಗೆ ಸಾಮಾನು ಮಾರುತ್ತೇನೆ. ಎರಡೇ ಮಾತು.

ಗ್ರಾಮಾಫೋನ್ ಪ್ಲೇಟು ಅರಗಿನವು. ಬಗ್ಗುವುದಿಲ್ಲ, ಗಾಜಿನಂತೆ ಒಡೆಯುತ್ತವೆ. ಮೊದಲ ಸಲ ಆರು ಪ್ಲೇಟನ್ನು ಗುಳ್ಳೆ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಒಂದೇ ಡಬ್ಬಿಯಲ್ಲಿ ಮೈಸೂರಿಗೆ ಕಳಿಸಿದೆ. ನಾಲ್ಕು ಚೂರಾಗಿ ಮುಟ್ಟಿದವು. ಅದರಲ್ಲಿ ಒಂದು ಹಳೆ ನಾಟಕದ ಹಾಡಿನದು, ಕೊಂಡವರು ಅದನ್ನೇ ವರ್ಷಗಟ್ಟಲೆ ಹುಡುಕುತ್ತಿದ್ದರಂತೆ. ದುಡ್ಡು ವಾಪಸ್ ಕೊಟ್ಟೆ, ಆದರೆ ಪ್ಲೇಟು ಎಲ್ಲಿಂದ ಕೊಡಲಿ? ಈಗ ಪ್ಲೇಟಿಗಿಂತ ಎರಡು ಬೆರಳು ದೊಡ್ಡದಾದ ಗಟ್ಟಿ ರಟ್ಟು ಕತ್ತರಿಸಿ, ಒಂದು ಪ್ಲೇಟು ಒಂದು ರಟ್ಟು ಹೀಗೆ ಜೋಡಿಸಿ, ಅಲುಗಾಡದಂತೆ ಕಟ್ಟಿ, ಡಬ್ಬಿಯೊಳಗೆ ಡಬ್ಬಿ ಇಡುತ್ತೇನೆ. ನಡುವೆ ನಾಲ್ಕೂ ಕಡೆ ಹಳೆ ಬಟ್ಟೆ ತುರುಕುತ್ತೇನೆ. ಆಮೇಲೆ ಒಂದೂ ಒಡೆದಿಲ್ಲ. ಭರಣಿಗೂ ಇದೇ. ಒಳಗೂ ಬಟ್ಟೆ ತುಂಬಬೇಕು, ಮುಚ್ಚಳ ಬೇರೆ ಸುತ್ತಬೇಕು.

ಹಂಡೆಯನ್ನು ಕೊರಿಯರ್‌ಗೆ ಹಾಕಬೇಡ. ಉದ್ದ, ಅಗಲ, ಎತ್ತರ ಸೆಂಟಿಮೀಟರಿನಲ್ಲಿ ಗುಣಿಸಿ 5000ದಿಂದ ಭಾಗಿಸಿ ಕಿಲೋ ಲೆಕ್ಕ ಹಾಕುತ್ತಾರೆ, ಖಾಲಿ ಹಂಡೆಯ ಗಾಳಿಗೂ ದುಡ್ಡು. 60 ಸೆಂಟಿಮೀಟರ್ ಡಬ್ಬಿ ಅಂದರೆ 43 ಕಿಲೋ ಆಗಿಬಿಡುತ್ತದೆ. "ಕಲಬುರಗಿಗೆ ಬಂದು ಒಯ್ಯುವವರಿಗೆ ಮಾತ್ರ" ಅಂತ ಬರೆ. ಹೊಸ ಮನೆ ಕಟ್ಟುವವರು, ಹೋಟೆಲಿನವರು ಗಾಡಿ ತಂದು ಒಯ್ಯುತ್ತಾರೆ.

ಎರಡನೆಯದು ಮನೆ ಮಂದಿಯ ವಿಷಯ. ನಮ್ಮ ಅತ್ತೆಯ ಸೇರು ಪಾವು ಅಟ್ಟದ ಮೇಲೆ ಬಿದ್ದಿತ್ತು. ಕಿಲೋ ಲೀಟರ್ ಬಂದ ಮೇಲೆ ಯಾರಿಗೆ ಬೇಕು ಅಂತ ಒಂದು ಜೋಡಿ ಮಾರಿಬಿಟ್ಟೆ. ಸೀಗಿ ಹುಣ್ಣಿಮೆಗೆ ಬಂದ ನಾದಿನಿ "ಅವ್ವ ಜೋಳ ಅಳೆಯುತ್ತಿದ್ದ ಸೇರು ಎಲ್ಲಿ?" ಅಂತ ಕೇಳಿದಳು. ಊಟ ಬಿಟ್ಟು ಎದ್ದು ಹೋದಳು. ಕೊಂಡವರಿಗೆ ಫೋನ್ ಮಾಡಿ ವಾಪಸ್ ಕೇಳಿದೆ, ಕೊಡಲಿಲ್ಲ. ಅವರ ತಪ್ಪೇನಿಲ್ಲ. ನೀನು ಹಾಗೆ ಮಾಡಬೇಡ. ಎಲ್ಲದರ ಫೋಟೋ ತೆಗೆದು, ನಂಬರ್ ಹಾಕಿ, ಅವ್ವನಿಗೂ ಇಬ್ಬರು ಮಾಮಾಗಳಿಗೂ ಅವರ ಮಕ್ಕಳಿಗೂ ಕಳಿಸು. ಯಾರಿಗೆ ಯಾವುದು ಬೇಕು ಅಂತ ಹದಿನೈದು ದಿನ ಕಾಲ ಕೊಡು. ಉಳಿದದ್ದು ಮಾತ್ರ ಮಾರು. ಬಂದ ದುಡ್ಡಿನ ಪಾಲು ಹೇಗೆ ಅಂತಲೂ ಈಗಲೇ ಬರೆದಿಟ್ಟುಕೊಳ್ಳಿ.

ಆಳಂದದ ಮೊಮ್ಮಗಳು

ನೀವೆಲ್ಲ ಇಷ್ಟು ಬರೆಯುತ್ತೀರಿ ಅಂತ ಅಂದುಕೊಂಡಿರಲಿಲ್ಲ. ಮಾಮಾ ಹಂಡೆ ಒಂದನ್ನು ಆಗಲೇ ಬೆಳಗಿಸಿದ್ದರು, ಉಳಿದದ್ದು ಉಳಿಯಿತು.

ಅಕ್ಕ ಹೇಳಿದಂತೆ ಎಲ್ಲದಕ್ಕೂ ನಂಬರ್ ಚೀಟಿ ಅಂಟಿಸಿ ಫೋಟೋ ಕಳಿಸಿದೆ. 58 ಸಾಮಾನು. ಸಣ್ಣ ಮಾಮಾನ ಮಗ ಪುಣೆಯಲ್ಲಿ ಕೆಲಸದಲ್ಲಿದ್ದಾನೆ, ದೊಡ್ಡವನಾದ ಮೇಲೆ ಆ ಕಡೆ ಬಂದವನಲ್ಲ. ಅವನು ಒಂದೇ ಕೇಳಿದ, ಜನತಾ ವಾಚು. ಮುತ್ಯಾ ದಿನಾ ಬೆಳಿಗ್ಗೆ ಅದಕ್ಕೆ ಕೀಲಿ ಕೊಡುವಾಗ ಇವನನ್ನು ತೊಡೆ ಮೇಲೆ ಕೂರಿಸಿಕೊಂಡು ಎಣಿಸಲು ಹೇಳುತ್ತಿದ್ದರಂತೆ. ನಮಗ್ಯಾರಿಗೂ ಗೊತ್ತಿರಲಿಲ್ಲ. ವಾಚು ಅವನಿಗೆ ಕಳಿಸಿದೆ.

ಪಾನದಾನದ ವಿಷಯ ಅವ್ವನನ್ನು ಕೇಳಿದೆ. 1948ರ ಪೊಲೀಸ್ ಆಕ್ಷನ್ ಆಗಿ ಮೂರು ವರ್ಷಕ್ಕೆ ಆಯಿಯ ಮದುವೆ, ಆಗ ಅವರ ತವರಿನವರು ಬೀದರಿನಲ್ಲಿ ಮಾಡಿಸಿ ಕೊಟ್ಟದ್ದು ಅಂದರು. ಅಂದರೆ 1951. ನೂರು ತುಂಬಿಲ್ಲ. ಮುಚ್ಚಳದ ಅಂಚಲ್ಲಿ ಒಂದು ಎಲೆಯ ಬೆಳ್ಳಿ ಇಲ್ಲ, ಬೆಳಕಿಗೆ ಹಿಡಿದರೆ ಉಳಿಯ ಗೀಟು ಕಾಣಿಸಿತು.

ಅಣ್ಣಾ, ಒಂದು ಕೇಳಬೇಕು. ಒಳಗಿನ ಸಣ್ಣ ಡಬ್ಬಿ ಒಂದರಲ್ಲಿ ಸುಣ್ಣ ಒಣಗಿ ಕಲ್ಲಾಗಿದೆ. ನಡುವೆ ಒಂದು ಗುಳಿ ಇದೆ, ಬೆರಳಿನಿಂದ ತೆಗೆದ ಗುಳಿ. ನನ್ನ ತೋರುಬೆರಳು ಇಟ್ಟು ನೋಡಿದೆ, ದೊಡ್ಡದಾಯಿತು. ಆಯಿಯ ಬೆರಳು ಬಹಳ ಸಣ್ಣವು. ಇದನ್ನು ಕೆರೆದು ತೆಗೆಯಬೇಕಾ?

ಬೀದರ್ ಚೌಬಾರಾ

ಅಕ್ಕಾ, ಕೆರೆಯಬೇಡಿ. ಒಣಗಿದ ಸುಣ್ಣದಿಂದ ಇನ್ನು ಕೆಡುಕೇನೂ ಇಲ್ಲ, ಆದರೆ ಚಾಕು ಆಡಿಸಿದರೆ ಡಬ್ಬಿಗೆ ಗೀರು ಬೀಳುತ್ತದೆ. ನೀರು ತಾಗಿಸಬೇಡಿ, ಹಾಗೇ ಇರಲಿ.

ನಿಮ್ಮ ಪ್ರಶ್ನೆ ಓದಿ ನನಗನಿಸಿದ್ದು ಹೇಳುತ್ತೇನೆ. ಪಾನದಾನಕ್ಕೆ ಒಳ್ಳೆ ಬೆಲೆ ಬರುತ್ತದೆ, ಕೊಳ್ಳುವವರು ನನಗೇ ಇಬ್ಬರು ಗೊತ್ತು. ಆದರೂ ಆ ಪಟ್ಟಿಯಲ್ಲಿ ಅದರ ನಂಬರ್ ಅವ್ವನ ಹೆಸರಿಗೆ ಬರೆಯಿರಿ. ಬೆರಳಿಟ್ಟು ನೋಡಿದ ಮೇಲೆ ಮಾರಿದವರು ಯಾರೂ ಸುಖವಾಗಿ ಇದ್ದದ್ದು ನಾನು ನೋಡಿಲ್ಲ. ಭರಣಿ, ಅಡಕೊತ್ತು, ಹಂಡೆ, ಪ್ಲೇಟು ಮಾರಿ. ಬೆಳಗಿದ ಹಂಡೆಗೆ "ಇತ್ತೀಚೆಗೆ ಬೆಳಗಿದ್ದು" ಅಂತ ಬರೆದುಬಿಡಿ, ಮಳೆಗಾಲ ಕಳೆದರೆ ಬಣ್ಣ ತಾನಾಗಿ ತಿರುಗುತ್ತದೆ.

ಪಾನದಾನ ಇಡುವಾಗ ಹಿತ್ತಾಳೆ ಸಾಮಾನಿನ ಕೆಳಗೆ ಇಡಬೇಡಿ. ಸತು ಎರಕದ್ದು, ಬಿದ್ದರೆ ಬಾಗುವುದಿಲ್ಲ, ಸೀಳುತ್ತದೆ. ಹತ್ತಿ ಬಟ್ಟೆಯಲ್ಲಿ ಸುತ್ತಿ, ಒಣ ಜಾಗದಲ್ಲಿ.

ಆಳಂದದ ಮೊಮ್ಮಗಳು

ನಂಬರ್ 7, ಅವ್ವ. ಬರೆದೆ. ಅವ್ವ ಈಗಾಗಲೇ ತಲೆದಿಂಬಿನ ಪಕ್ಕ ಇಟ್ಟುಕೊಂಡಿದ್ದಾರೆ.

ಅಡಕೊತ್ತು ಮತ್ತು ಮೂರು ಭರಣಿ ನಿನ್ನೆ ರಾತ್ರಿ ಹಾಕಿದೆ. ಒಡೆದ ಭರಣಿಯನ್ನೂ ಹಾಕಿದೆ, ಒಡೆದ ಅಂಚನ್ನೇ ಮೊದಲು ತೋರಿಸಿ. ಧಾರವಾಡದಿಂದ ಒಬ್ಬರು ಅದನ್ನೇ ಕೇಳಿದ್ದಾರೆ, ಗಿಡ ಇಡಲು ಬೇಕಂತೆ. ಕೊಂಬಿನ ಬಗ್ಗೆ ಮಾತಾಡಲು ಸೋಮವಾರ ದೊಡ್ಡ ಮಾಮಾನ ಜೊತೆ ಅರಣ್ಯ ಇಲಾಖೆಗೆ ಹೋಗುತ್ತೇವೆ. ಉರ್ದು ಕಾಗದ ಓದಲು ನಮ್ಮ ಶಾಲೆಯ ಉರ್ದು ಮೇಷ್ಟ್ರು ಒಪ್ಪಿದ್ದಾರೆ.

ಕಾಕಾ, ಈ ಭಾನುವಾರ ಶಹಾಬಾದಿನಲ್ಲಿ ಇರುತ್ತೀರಾ? ರೇಡಿಯೋ ತರುತ್ತೇನೆ.

ಶಹಾಬಾದ್ ರೇಡಿಯೋ ಕಾಕಾ

ಇರುತ್ತೇನೆ ತಾಯಿ. ಹತ್ತು ಗಂಟೆಗೆ ಬಾ. ಬಸ್ಸಿನಲ್ಲಿ ತೊಡೆ ಮೇಲೆ ಇಟ್ಟುಕೋ, ಮೇಲಿನ ಹಲಗೆಗೆ ಹಾಕಬೇಡ. ಹಿಂದಿನ ಮುಚ್ಚಳ ಬಿಚ್ಚಬೇಡ. ಪುಸ್ತಕವನ್ನೂ ತಗೊಂಡು ಬಾ.